ಕೆನ್ನೆಯೊಳಗಿನ ಬಿಳಿ, ಬಟ್ಟಲೊಳಗಿನ ಹಳದಿ

ಅಪ್ಪಚ್ಚಿ, ಎಂದರೆ ನನ್ನ ಚಿಕ್ಕಪ್ಪ, ಟಾರ್ಚನ್ನು ತಾನೇ ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಎಡಗೆನ್ನೆಯನ್ನು ಹೊರಕ್ಕೆ ಎಳೆದು ತೋರಿಸಿದ. ಕೆಳದವಡೆಯ ಹಲ್ಲಿಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ, ಹಾಲಿನ ಕೆನೆ ಒಣಗಿ ಅಂಟಿಕೊಂಡಂತೆ ಒಂದು ಬಿಳಿ ಮಚ್ಚೆ. ಅದರ ಮೇಲೆ ಅಲ್ಲಲ್ಲಿ ಹಳದಿ ಬಣ್ಣ. "ಅದು ಚಿಕ್ಕಿ ಹಚ್ಚಿದ್ದು" ಎಂದ. ಅಡುಗೆಮನೆಯಿಂದ ಚಿಕ್ಕಿಯ ದನಿ ಕೇಳಿತು: "ಎಂತದೂ ಆಗ್ತಿಲ್ಲೆ, ಅರಿಶಿನ ಹಚ್ಚಿರೆ ಹೋಗ್ತು."

ನಲವತ್ತು ವರ್ಷ ಅಡಿಕೆ ತೋಟ ನೋಡಿಕೊಂಡವನು, ಅಷ್ಟೇ ವರ್ಷ ಎಲೆ-ಅಡಿಕೆಯ ಕವಳ ಹಾಕಿದವನು. ಹೊಗೆಸೊಪ್ಪಿನ ಚೂರನ್ನು ಯಾವಾಗಲೂ ಅದೇ ಎಡಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ರಾತ್ರಿ ನಿದ್ದೆಯಲ್ಲೂ ಅದು ಅಲ್ಲೇ ಇರುತ್ತಿತ್ತು ಎಂದು ಚಿಕ್ಕಿ ಗೊಣಗುವುದಿತ್ತು. ಹಿತ್ತಲಿನಲ್ಲಿ ಬೆಳೆದ ಅರಿಶಿನದ ಕೊಂಬನ್ನು ತೇದು, ಜೇನಿನಲ್ಲಿ ಕಲಸಿ, ದಿನಕ್ಕೆ ಮೂರು ಹೊತ್ತು ಹಚ್ಚಿದರು. ನಾಲ್ಕು ತಿಂಗಳು ಹೀಗೇ ಹೋಯಿತು. ಮಚ್ಚೆ ಹೋಗಲಿಲ್ಲ, ಅದರ ನಡುವೆ ಹೆಸರುಕಾಳಿನಷ್ಟು ಜಾಗ ಕೆಂಪಾಗಿ ಗಟ್ಟಿಯಾಯಿತು. ಕೊನೆಗೆ ಪೇಟೆಯ ಹಲ್ಲಿನ ಡಾಕ್ಟರು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಕ್ಯಾನ್ಸರ್ ಎಂದು ವರದಿ ಬಂದ ದಿನ ಮನೆಯಲ್ಲಿ ಯಾರೂ ಚಿಕ್ಕಿಯ ಮುಖ ನೋಡಲಿಲ್ಲ. ಅವಳೂ ಅರಿಶಿನದ ಬಟ್ಟಲನ್ನು ಎತ್ತಿ ಮೇಲಿನ ನಾಗಂದಿಗೆಗೆ ಸರಿಸಿಬಿಟ್ಟಳು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ನಾನು ಓದತೊಡಗಿದ್ದು ಆವಾಗ. ಓದುತ್ತ ಹೋದಂತೆ ಪ್ರಶ್ನೆಯೇ ಬೇರೆಯಾಯಿತು. ಅರಿಶಿನದಲ್ಲಿ ಗುಣ ಇದೆಯೇ ಇಲ್ಲವೇ ಎಂಬ ಜಗಳ ಹಳೆಯದು, ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಆ ಗುಣ ಮೈಯೊಳಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಎಷ್ಟು ಮುಟ್ಟುತ್ತದೆ, ಮುಟ್ಟಿದ ಮೇಲೆ ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಎಂಬುದೇ ವಿಷಯ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂದರೆ ತುಟಿ, ನಾಲಿಗೆ, ಕೆನ್ನೆಯ ಒಳಪದರ, ಒಸಡು, ಗಂಟಲು, ಧ್ವನಿಪೆಟ್ಟಿಗೆ ಇಷ್ಟೂ ಜಾಗದ್ದು ಸೇರಿತು. ಪಶ್ಚಿಮದ ದೇಶಗಳಲ್ಲಿ ಈಚೆಗೆ ಗಂಟಲಿನ ಹಿಂಭಾಗದ್ದು, ಎಚ್‌ಪಿವಿ ವೈರಸ್ಸಿನಿಂದ ಬರುವಂಥದ್ದು ಹೆಚ್ಚುತ್ತಿದೆ. ನಮ್ಮಲ್ಲಿ ಬಾಯಿಯದೇ ದೊಡ್ಡ ಪಾಲು. ಒಸಡು ಮತ್ತು ಕೆನ್ನೆ ಕೂಡುವ ಆ ಸಂದಿಯಲ್ಲಿ ಹುಟ್ಟುವ ಗಡ್ಡೆಗೆ ವೈದ್ಯಲೋಕದಲ್ಲಿ 'ಭಾರತದ ಬಾಯಿ ಕ್ಯಾನ್ಸರ್' ಎಂಬ ಹೆಸರೇ ಬಿದ್ದಿದೆ. ನಾವು ಕವಳವನ್ನೋ ಗುಟ್ಕಾವನ್ನೋ ಒತ್ತರಿಸಿ ಇಟ್ಟುಕೊಳ್ಳುವ ಜಾಗ ಅದೇ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರಿನ ಹೊಸ ರೋಗಿಗಳು 1.4 ಲಕ್ಷಕ್ಕೂ ಹೆಚ್ಚು. ಬರೇ ಹೊಗೆಸೊಪ್ಪನ್ನು ದೂರಿ ಅಡಿಕೆಯನ್ನು ಬಿಟ್ಟುಬಿಡುವುದು ನಮ್ಮ ಕಡೆಯವರ ಅಭ್ಯಾಸ, ಹೊಟ್ಟೆಪಾಡಿನ ಬೆಳೆ ನೋಡಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೆ ಮೊದಲಿಗರಾದ ನಮಗೆ ಅದು ಇಷ್ಟವಾಗುವ ಸುದ್ದಿಯಲ್ಲ. ನಾನೂ ಆ ತೋಟದ ದುಡ್ಡಿನಲ್ಲೇ ಓದಿದವನು. ಈ ಸಾಲನ್ನು ಬರೆಯುವಾಗ ಕೈ ತುಸು ತಡೆಯಿತು.

ಇನ್ನು ಅರಿಶಿನ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಸುಗ್ಗಿಯಲ್ಲಿ ಹೋದರೆ ಕಿತ್ತ ಗಡ್ಡೆಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿ ಬಯಲಲ್ಲಿ ಹರಡಿರುವುದು ಕಾಣುತ್ತದೆ. ಒಣಗಿದ ಮೇಲೆ ಪೀಪಾಯಿಯಲ್ಲಿ ತಿರುಗಿಸಿ ಸಿಪ್ಪೆ ಉದುರಿಸುತ್ತಾರೆ. ಆ ಕೊಂಬಿನೊಳಗಿನ ಹಳದಿಯೇ ಕರ್ಕ್ಯುಮಿನ್. ತೂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ನೂರಕ್ಕೆ 2ರಿಂದ 5. ಮೇಘಾಲಯದ ಲಕಡಾಂಗ್ ತಳಿಯಲ್ಲಿ ಇನ್ನೂ ಹೆಚ್ಚು. 1815ರಲ್ಲಿ ವೋಗೆಲ್ ಮತ್ತು ಪೆಲ್ಲೆಟಿಯೆ ಎಂಬಿಬ್ಬರು ರಸಾಯನಜ್ಞರು ಈ ಬಣ್ಣವನ್ನು ಬೇರ್ಪಡಿಸಿದರು. ಅದರ ಅಣುರಚನೆ ತಿಳಿಯಲು 1910ರವರೆಗೆ ಕಾಯಬೇಕಾಯಿತು. ಅದನ್ನು ಬಿಡಿಸಿದವರು ಪೋಲೆಂಡಿನವರು. ಎರಡು ಉಂಗುರಗಳು, ನಡುವೆ ಅವನ್ನು ಕೂಡಿಸುವ ಒಂದು ಸರಪಳಿ. ಎರಡು ಬುಟ್ಟಿಯ ಅಡ್ಡೆಯಂತೆ ಎನ್ನಿ.

ಈ ಅಡ್ಡೆಯ ಸ್ವಭಾವವನ್ನು ನಮ್ಮ ಹೆಂಗಸರು ಪ್ರಯೋಗಾಲಯವಿಲ್ಲದೆ ಬಲ್ಲರು. ಮದುಮಕ್ಕಳಿಗೆ ಆರತಿ ಎತ್ತುವ ಹರಿವಾಣದ ನೀರು ಕೆಂಪಾಗುವುದು ಕುಂಕುಮದಿಂದಲೇ ಆಗಬೇಕಿಲ್ಲ; ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು. ಕ್ಷಾರ ತಾಗಿದೊಡನೆ ಕರ್ಕ್ಯುಮಿನ್ ತನ್ನ ಹೈಡ್ರೋಜನ್ನನ್ನು ಬಿಟ್ಟುಕೊಟ್ಟು ಬಣ್ಣ ಬದಲಿಸುತ್ತದೆ. ಅಲ್ಲಿಗೆ ನಿಲ್ಲುವುದಿಲ್ಲ, ಒಡೆಯಲು ಶುರುವಾಗುತ್ತದೆ. ಸುಣ್ಣದಷ್ಟು ಖಾರ ಬೇಕೆಂದೂ ಇಲ್ಲ. ನಮ್ಮ ರಕ್ತದಂಥ ತೀರಾ ಸೌಮ್ಯ ಕ್ಷಾರದ ದ್ರಾವಣದಲ್ಲಿ, ಮೈಶಾಖದಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಒಡೆದು ಬೇರೇನೋ ಆಗಿಬಿಡುತ್ತದೆ ಎಂದು ತೊಂಬತ್ತರ ದಶಕದಲ್ಲೇ ಅಳೆದಿದ್ದಾರೆ. ಬೆಳಕಿಗೂ ತಾಳದು. ನೀರಿನಲ್ಲಿ ಕರಗದು. ಔಷಧ ಆಗಬೇಕೆಂದು ಹೊರಟ ವಸ್ತುವಿಗೆ ಇದಕ್ಕಿಂತ ಕೆಟ್ಟ ಜಾತಕ ಬೇರೆ ಬೇಡ.

ಹಾಗಿದ್ದೂ ಜಗತ್ತು ಇದರ ಹಿಂದೆ ಬಿದ್ದದ್ದು ಯಾಕೆ? ಕಥೆಯ ಒಂದು ಎಳೆ ತ್ರಿಶೂರಿನಲ್ಲಿದೆ. ಅಲ್ಲಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದ ರಾಮದಾಸನ್ ಕುಟ್ಟನ್ ಮತ್ತು ಸಂಗಡಿಗರು 1987ರಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆಗಳೆಲ್ಲ ಮುಗಿದು, ಗಡ್ಡೆ ಹೊರಗೆ ಒಡೆದು ಹುಣ್ಣಾಗಿದ್ದ 62 ರೋಗಿಗಳಿಗೆ ಅವರು ಅರಿಶಿನದ ಸಾರವನ್ನೋ ಕರ್ಕ್ಯುಮಿನ್ ಮುಲಾಮನ್ನೋ ಹಚ್ಚಿದರು. ಕ್ಯಾನ್ಸರ್ ವಾಸಿಯಾಗಲಿಲ್ಲ. ಹುಣ್ಣಿನ ಗಾತ್ರ, ನೋವು ಇಳಿದದ್ದು ಹತ್ತರಲ್ಲಿ ಒಬ್ಬರಿಗೆ. ಆದರೆ ನೂರಕ್ಕೆ 90 ಜನರಲ್ಲಿ ವಾಸನೆ ಕಡಿಮೆಯಾಯಿತು, 70 ಜನರಲ್ಲಿ ಸೋರುತ್ತಿದ್ದ ಹುಣ್ಣು ಒಣಗಿತು, ತುರಿಕೆ ಹೆಚ್ಚುಕಡಿಮೆ ಎಲ್ಲರಿಗೂ ಇಳಿಯಿತು.

ವಾಸನೆ ಎಂದು ಓದಿ ಮುಂದೆ ಹೋಗುವವರು ಅಂಥ ರೋಗಿ ಇರುವ ಕೋಣೆಗೆ ಹೋಗಿಲ್ಲದವರು. ಕೊಳೆತ ಗಡ್ಡೆಯ ವಾಸನೆಗೆ ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ಬಂದ ನೆಂಟರು ಜಗಲಿಯಿಂದಲೇ ವಾಪಸು. ಊಟ ಕೊಡುವವರು ಉಸಿರು ಬಿಗಿಹಿಡಿದದ್ದು ಮಲಗಿದವನಿಗೆ ಕಾಣುತ್ತಲೇ ಇರುತ್ತದೆ. ಆ 90 ಪಾಲಿನ ಲೆಕ್ಕ ಯಾವ ಜಾಹೀರಾತಿಗೂ ಒದಗಲಿಲ್ಲ. ನನಗೆ ಮಾತ್ರ ಈ ವಿಷಯದಲ್ಲಿ ಬಂದ ಸಾವಿರಾರು ಪ್ರಬಂಧಗಳ ನಡುವೆ ಅತ್ಯಂತ ಪ್ರಾಮಾಣಿಕವಾದ ಅಂಕಿ ಅದೇ ಎನಿಸಿದೆ.

ಇನ್ನೊಂದು ಎಳೆ ಅಮೆರಿಕದ ಹ್ಯೂಸ್ಟನ್ನಿನದು. ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭರತ್ ಅಗರ್ವಾಲ್, ಪಂಜಾಬಿನ ಬಟಾಲಾದಲ್ಲಿ ಹುಟ್ಟಿದವರು, 1995ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ನಮ್ಮ ಜೀವಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಇದೆ. ಗಾಯವೋ ಸೋಂಕೋ ಆದಾಗ ಉರಿಯೂತ ಎಬ್ಬಿಸುವ ಹುಕುಂ ಇದರದು. ಮಾಮೂಲಿಯಾಗಿ ಇದನ್ನು ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಯ ಹಾಗೆ. ಬೇಕಾದಾಗ ಐಕೆಕೆ ಎಂಬ ಕಿಣ್ವ ಬಂದು ಕಣ್ಣಿ ಬಿಚ್ಚುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಕಟ್ಟುವುದು ಕ್ರಮ. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಈ ಹೋರಿ ಸದಾ ಬಿಚ್ಚಿಕೊಂಡೇ ಇರುತ್ತದೆ. ಕೋಶ ಸಾಯಬೇಕಾದಾಗ ಸಾಯುವುದಿಲ್ಲ, ಸುತ್ತ ಹೊಸ ರಕ್ತನಾಳ ಎಳೆದುಕೊಳ್ಳುತ್ತದೆ, ಚಿಕಿತ್ಸೆಗೆ ಜಗ್ಗುವುದಿಲ್ಲ. ಕರ್ಕ್ಯುಮಿನ್ ಇದ್ದಲ್ಲಿ ಕಣ್ಣಿ ಬಿಚ್ಚುವ ಕೆಲಸಕ್ಕೆ ತಡೆ ಬೀಳುತ್ತದೆ ಎಂಬುದು ಅಗರ್ವಾಲ್ ಗುಂಪಿನ ಶೋಧ.

ಅಲ್ಲಿಂದ ಮುಂದೆ ಪ್ರವಾಹ. ಕರ್ಕ್ಯುಮಿನ್ ಮುಟ್ಟದ ಕಾಯಿಲೆಯೇ ಇಲ್ಲ ಎಂಬಷ್ಟು ಪ್ರಬಂಧಗಳು ಬಂದವು. ಆಮೇಲೆ ಅಗರ್ವಾಲ್ ಪ್ರಬಂಧಗಳ ಚಿತ್ರಗಳ ಮೇಲೇ ಅನುಮಾನ ಎದ್ದಿತು. 2016ರಲ್ಲಿ ಒಂದೇ ಪತ್ರಿಕೆ ಅವರ 7 ಪ್ರಬಂಧಗಳನ್ನು ಹಿಂದೆಗೆದುಕೊಂಡಿತು. ಒಟ್ಟು ಹಿಂಪಡೆದವು ಇಪ್ಪತ್ತನ್ನೂ ದಾಟಿವೆ. ಅಷ್ಟರಲ್ಲಿ ಅವರು ಸಂಸ್ಥೆ ಬಿಟ್ಟಿದ್ದರು. 2017ರಲ್ಲಿ ಅಮೆರಿಕದ ಮಿನೆಸೋಟದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗ ರಸಾಯನಜ್ಞರು ಒಂದು ದೀರ್ಘ ವಿಮರ್ಶೆ ಬರೆದು, ಈ ಅಣು ಪ್ರಯೋಗಾಲಯದ ಪರೀಕ್ಷೆಗಳನ್ನೇ ಮೋಸಗೊಳಿಸುತ್ತದೆ ಎಂದರು. ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ, ತಾನೇ ಬೆಳಗುತ್ತದೆ, ಒಡೆದ ಚೂರುಗಳು ಬೇರೆ ಕಿತಾಪತಿ ಮಾಡುತ್ತವೆ. ಗಾಜಿನ ತಟ್ಟೆಯಲ್ಲಿ ಕಂಡ ಗುಣವೆಲ್ಲ ಗುಣವಲ್ಲ. ಮನೆಗೆ ಬಂದವರೆಲ್ಲರ ಹೆಗಲ ಮೇಲೆ ಕೈಹಾಕುವವನನ್ನು ಎಲ್ಲರ ಆಪ್ತ ಎಂದು ಬಗೆದಂತೆ. ಕಟುವಾದ ಮಾತು, ಆದರೆ ಹೇಳಬೇಕಿತ್ತು.

ಗಾಜಿನ ತಟ್ಟೆಯಿಂದ ಮನುಷ್ಯನಿಗೆ ಬಂದರೆ ಎದುರಾಗುವುದು ಹೊಟ್ಟೆ. ತೈವಾನಿನ ವೈದ್ಯರು 2001ರಲ್ಲಿ 25 ಜನರಿಗೆ ಮೂರು ತಿಂಗಳು ಕರ್ಕ್ಯುಮಿನ್ ನುಂಗಿಸಿದರು. ದಿನಕ್ಕೆ 8 ಗ್ರಾಂವರೆಗೆ ಏನೂ ತೊಂದರೆ ಕಾಣಲಿಲ್ಲ. ಅದಕ್ಕಿಂತ ಹೆಚ್ಚು ಕೊಡಲು ಹೋದರೆ ಅಷ್ಟೊಂದು ಮಾತ್ರೆ ನುಂಗಲಾರೆವೆಂದು ರೋಗಿಗಳೇ ಕೈಚೆಲ್ಲಿದರು. 8 ಗ್ರಾಂ ನುಂಗಿದರೂ ರಕ್ತದಲ್ಲಿ ಸಿಕ್ಕಿದ್ದು ಅತ್ಯಲ್ಪ. ಕರುಳೂ ಪಿತ್ತಕೋಶದ ನೆರೆಯ ಯಕೃತ್ತೂ ಸೇರಿ ಅದನ್ನು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸಿಬಿಡುತ್ತವೆ. ಆ ಪರೀಕ್ಷೆಯಲ್ಲಿ ಬಾಯಿಯ ಬಿಳಿ ಮಚ್ಚೆ ಇದ್ದವರು 7 ಜನ. ಇಬ್ಬರ ಮಚ್ಚೆ ಸುಧಾರಿಸಿತು. ಒಬ್ಬರದು ಅರಿಶಿನದ ಮಾತ್ರೆ ನುಂಗುತ್ತಿದ್ದಾಗಲೇ ಕ್ಯಾನ್ಸರಿಗೆ ತಿರುಗಿತು. ಆ ಒಬ್ಬರ ಬಗ್ಗೆ ಓದುವಾಗ ನನಗೆ ಅಪ್ಪಚ್ಚಿಯ ಟಾರ್ಚು ನೆನಪಾಗುತ್ತದೆ.

ಹೊಟ್ಟೆಯ ಈ ತೊಡಕಿಗೆ ಒಂದು ಉಪಾಯ ಬೆಂಗಳೂರಿನಿಂದಲೇ ಹೋಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಅದು: 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ 2000 ಪ್ರತಿಶತ ಏರುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಅರಿಶಿನದ ಮಾತ್ರೆಗಳಲ್ಲಿ ಹಲವದರ ಡಬ್ಬಿಯ ಮೇಲೆ ಮಿಂಚುವ ಅಂಕಿಯ ಮೂಲ ಇದೇ. ಇಪ್ಪತ್ತು ಪಟ್ಟು ಎಂದರೆ ಬಹಳವಾಯಿತಲ್ಲ ಎನಿಸಬಹುದು. ಅದು ಆದದ್ದು ನುಂಗಿ ಒಂದು ತಾಸಿನೊಳಗಿನ ಮಾತು, ಮತ್ತು ಸೊನ್ನೆಗೆ ತೀರ ಹತ್ತಿರದ ಒಂದು ಸಂಖ್ಯೆಯ ಇಪ್ಪತ್ತು ಪಟ್ಟು.

ಮನೆಯ ಲೆಕ್ಕವನ್ನೂ ಮಾಡಿ ನೋಡಿದೆ. ನಮ್ಮ ಸಾರಿಗೆ ಬೀಳುವುದು ಕಾಲು ಚಮಚ ಪುಡಿ, ಸುಮಾರು ಮುಕ್ಕಾಲು ಗ್ರಾಂ. ನೂರಕ್ಕೆ 3ರಂತೆ ಹಿಡಿದರೆ ಇಡೀ ಪಾತ್ರೆಗೆ ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ ಕರ್ಕ್ಯುಮಿನ್. ತೈವಾನಿನ ಆ 8 ಗ್ರಾಂ ಬೇಕಾದರೆ ದಿನಕ್ಕೆ ಕಾಲು ಕಿಲೋಗೂ ಮಿಕ್ಕಿ ಅರಿಶಿನ ತಿನ್ನಬೇಕು. ಹಬ್ಬದ ದಿನ ಎಲೆತುಂಬ ಚಿತ್ರಾನ್ನ ಉಂಡರೂ ಅದರ ಹತ್ತಿರಕ್ಕೆ ಸುಳಿಯುವುದಿಲ್ಲ. 'ಅರಿಶಿನ ತಿನ್ನುವ ನಮಗೆ ಕ್ಯಾನ್ಸರ್ ಕಡಿಮೆ' ಎಂದು ಹೇಳುವವರಿಗೆ, ಬಾಯಿ ಕ್ಯಾನ್ಸರಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವವರೂ ಅರಿಶಿನ ತಿನ್ನುವ ನಾವೇ ಎಂದು ನೆನಪಿಸಿದರೆ ಸಾಕು.

ಆದರೆ ಬಾಯಿಗೆ ಒಂದು ವಿಶೇಷ ಅನುಕೂಲ ಇದೆ, ಅದು ಹೊಟ್ಟೆಗಿಂತ ಮೊದಲು ಬರುತ್ತದೆ. ಯಕೃತ್ತಿನ ಕಾಯಿಲೆಗೆ ಅರಿಶಿನ ಕರುಳನ್ನು ದಾಟಿ ಹೋಗಬೇಕು. ಕೆನ್ನೆಯ ಕಾಯಿಲೆಗೆ ದಾಟುವ ಗೋಜೇ ಇಲ್ಲ, ನೇರವಾಗಿ ತಾಗಿಸಬಹುದು. ಈ ಸುಳುವನ್ನು ಹಿಡಿದವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರಿಲೀನ್ ವಾಂಗ್ ಮತ್ತು ಎರಿ ಶ್ರೀವತ್ಸನ್. ಅವರ ಜೊತೆ ದುಡಿದವರಲ್ಲಿ ಹೆಸರಿನ ಮುಂದೆ ಮೈಸೂರನ್ನು ಹೊತ್ತ ಎಂ.ಎಸ್. ವೀಣಾ ಕೂಡ ಒಬ್ಬರು. ಮೊದಲು ಇಲಿಗಳ ಗಡ್ಡೆಯ ಮೇಲೆ ಕರ್ಕ್ಯುಮಿನ್ ಲೇಪ ಹಚ್ಚಿದರೆ ಬೆಳವಣಿಗೆ ಕುಗ್ಗುವುದನ್ನು 2005ರಲ್ಲಿ ತೋರಿಸಿದರು. ಸಿಸ್‌ಪ್ಲಾಟಿನ್ ಎಂಬ ರೂಢಿಯ ಕೀಮೋ ಔಷಧದ ಜೊತೆ ಇದನ್ನು ಕೂಡಿಸಿದರೆ ಕೆಲಸ ಹೆಚ್ಚುವುದನ್ನು ಐದು ವರ್ಷದ ಮೇಲೆ ತೋರಿಸಿದರು. 2011ರಲ್ಲಿ ಮನುಷ್ಯರ ಸರದಿ. ತಲೆ-ಕತ್ತಿನ ಕ್ಯಾನ್ಸರ್ ಇದ್ದ 21 ಜನರಿಗೆ ಕರ್ಕ್ಯುಮಿನ್ನಿನ ಎರಡು ಮಾತ್ರೆ, ಒಟ್ಟು 1000 ಮಿಲಿಗ್ರಾಂ, ಕೊಟ್ಟು ಐದು ನಿಮಿಷ ಅಗಿಯಲು ಹೇಳಿದರು. ಅಗಿಯುವ ಮೊದಲು, ಅಗಿದ ಮೇಲೆ ಜೊಲ್ಲು ತೆಗೆದು ನೋಡಿದರು. ಕಣ್ಣಿ ಬಿಚ್ಚುವ ಐಕೆಕೆ ಕಿಣ್ವದ ಚುರುಕು ಜೊಲ್ಲಿನಲ್ಲಿದ್ದ ಕೋಶಗಳಲ್ಲಿ ಇಳಿದಿತ್ತು.

ಗಡ್ಡೆ ಕರಗಿತೆಂದು ಇದರ ಅರ್ಥ ಅಲ್ಲ. ಒಂದು ಕಿಣ್ವ ಕೊಂಚ ಹೊತ್ತು ತಣ್ಣಗಾಯಿತು, ಅಷ್ಟೆ. ಆದರೂ ಆ ಚಿತ್ರ ನನ್ನನ್ನು ಬಿಡಲಿಲ್ಲ: ರೋಗಿಯೊಬ್ಬ ಕುರ್ಚಿಯಲ್ಲಿ ಕೂತು ಐದು ನಿಮಿಷ ಏನನ್ನೋ ಅಗಿಯುತ್ತಿದ್ದಾನೆ, ಬಾಯಿ ತುಂಬ ಹಳದಿ. ಜೀವಮಾನವೆಲ್ಲ ಅಗಿದು ಬಂದ ಕಾಯಿಲೆಗೆ ಅಗಿಯುವುದರಲ್ಲೇ ಮದ್ದು ಹುಡುಕುತ್ತಿದ್ದರು.

ಇನ್ನು ನಮ್ಮ ನೆಲದ ಪರೀಕ್ಷೆ. ಬಿಳಿ ಮಚ್ಚೆಗೆ ವೈದ್ಯರ ಹೆಸರು ಲ್ಯೂಕೋಪ್ಲೇಕಿಯಾ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಎಂದು ಕಣ್ಣಿನಿಂದ ಹೇಳಲಾಗದು. ಬೆಂಗಳೂರಿನ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದಲ್ಲಿ ತಲೆ-ಕತ್ತಿನ ಶಸ್ತ್ರವೈದ್ಯರಾಗಿದ್ದ ಮೋನಿ ಅಬ್ರಹಾಂ ಕುರಿಯಾಕೋಸ್, ಕೇರಳದ ಸಂಗಡಿಗರೊಡನೆ ಸೇರಿ, ಇಂಥ ಮಚ್ಚೆ ಇದ್ದ 223 ಜನರನ್ನು ಎರಡು ಗುಂಪು ಮಾಡಿದರು. 111 ಜನರಿಗೆ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್, 112 ಜನರಿಗೆ ಅದರಂತೇ ಕಾಣುವ ಹುಸಿ ಮಾತ್ರೆ. ಕೊಡುವವರಿಗೂ ನುಂಗುವವರಿಗೂ ಯಾವುದು ಯಾವುದೆಂದು ಗೊತ್ತಿಲ್ಲ. ಆರು ತಿಂಗಳು ನಡೆಯಿತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕರ್ಕ್ಯುಮಿನ್ ನುಂಗಿದವರಲ್ಲಿ 75 ಜನರ ಮಚ್ಚೆ ಕುಗ್ಗಿತ್ತು, ನೂರಕ್ಕೆ 67.5. ಹುಸಿ ಮಾತ್ರೆಯವರಲ್ಲಿ 62, ನೂರಕ್ಕೆ 55.3.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹನ್ನೆರಡು ಪಾಲಿನ ಅಂತರ ನಿಜವಾದದ್ದು, ಆಕಸ್ಮಿಕದ ಲೆಕ್ಕವನ್ನು ಮೀರಿದ್ದು. ಆದರೆ ಏನೂ ಇಲ್ಲದ ಮಾತ್ರೆ ನುಂಗಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ಕಂಡಿತಲ್ಲ! ಈ ಮಚ್ಚೆಗಳು ತಾವಾಗಿ ಏರುತ್ತವೆ, ಇಳಿಯುತ್ತವೆ. ತಂಬಾಕು ಬಿಟ್ಟರೆ ತಿಳಿಯಾಗುವುದೂ ಉಂಟು. ತಿಂಗಳು ತಿಂಗಳು ಬಾಯಿ ತೆರೆಸಿ ನೋಡುವ ಡಾಕ್ಟರೊಬ್ಬರಿದ್ದರೆ ಕವಳದ ತಟ್ಟೆಗೆ ಕೈ ಹೋಗುವುದು ತಗ್ಗುತ್ತದೇನೋ, ಅದು ನನ್ನ ಊಹೆ. ಇನ್ನೂ ಸೂಕ್ಷ್ಮದ ಸಂಗತಿ ಬೇರೆ ಇದೆ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಕೆಡುಕಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂದರೆ ಕಣ್ಣಿಗೆ ಕಾಣುವ ಮಚ್ಚೆ ಕುಗ್ಗಿತು, ಕಣ್ಣಿಗೆ ಕಾಣದ ಕೆಡುಕಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾಗದು. ಅರ್ಧ ಗುಣವಾದವರಿಗೆ ಇನ್ನೂ ಆರು ತಿಂಗಳು ಮುಂದುವರಿಸಿದರೂ ಹೆಚ್ಚಿನ ಲಾಭ ಬರಲಿಲ್ಲ. ಪೂರ್ತಿ ಮಾಯವಾಗಿದ್ದ 18 ಜನರಲ್ಲಿ 16 ಮಂದಿಗೆ ಆಮೇಲಿನ ಆರು ತಿಂಗಳಲ್ಲಿ ಮಚ್ಚೆ ಮರಳಲಿಲ್ಲ ಎಂಬುದು ಸಮಾಧಾನದ ಸಂಗತಿ. ಕರ್ಕ್ಯುಮಿನ್ ಬಗ್ಗೆ ನಡೆದ ಪರೀಕ್ಷೆಗಳಲ್ಲಿ ಇಷ್ಟು ಕಟ್ಟುನಿಟ್ಟಿನವು ವಿರಳ. ಅದು ಕೊಟ್ಟ ಉತ್ತರವೂ ಅಷ್ಟೇ ಕಟ್ಟುನಿಟ್ಟಿನದು: ಸ್ವಲ್ಪ.

ಅಪ್ಪಚ್ಚಿಯ ಕೆನ್ನೆಯ ಗಡ್ಡೆಯನ್ನು ಕೊಯ್ದು ತೆಗೆದರು. ಆಮೇಲೆ ಕರೆಂಟು. ರೇಡಿಯೋಥೆರಪಿ ಎಂಬ ಮಾತು ನಮ್ಮ ಆಸ್ಪತ್ರೆಗಳ ಬೋರ್ಡಿನ ಮೇಲಷ್ಟೇ ಇದೆ. ಸಾಲಿನಲ್ಲಿ ಕೂತವರೆಲ್ಲ 'ನಿಮಗೆಷ್ಟು ಕರೆಂಟು?' ಎಂದೇ ಕೇಳುವುದು. ಮುಖದ ಅಚ್ಚಿಗೆ ತಕ್ಕಂತೆ ಮಾಡಿದ ಬಲೆಯಂಥ ಮುಖವಾಡವನ್ನು ಬಿಗಿದು ಮೇಜಿಗೆ ಕೂರಿಸುತ್ತಾರೆ, ಒಂದಿಷ್ಟೂ ಅಲುಗುವಂತಿಲ್ಲ. ವಾರಕ್ಕೆ ಐದು ದಿನದಂತೆ ಆರೇಳು ವಾರ. ಮೊದಲ ವಾರ ಏನೂ ಇಲ್ಲ; ಅಪ್ಪಚ್ಚಿ ಪಕ್ಕದವರಿಗೆ ಅಡಿಕೆ ಧಾರಣೆ ಹೇಳುತ್ತ ಕೂತಿದ್ದ. ಎರಡನೆಯ ವಾರ ಬಾಯಿ ಕೆಂಪಾಯಿತು. ಮೂರನೆಯ ವಾರದಿಂದ ಒಳಪದರ ಕಿತ್ತು ಬರತೊಡಗಿತು. ಗಂಜಿಯೂ ಖಾರ, ನೀರೂ ಖಾರ. ಕ್ಯಾನ್ಸರಿಗಿಂತ ಈ ಹುಣ್ಣಿಗೆ ಹೆದರಿ ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಹೋಗುವವರಿದ್ದಾರೆ. ಹಾಗೆ ನಡುವೆ ದಿನ ತಪ್ಪಿದರೆ ಗಡ್ಡೆಯ ಉಳಿದ ಕೋಶಗಳಿಗೆ ಮತ್ತೆ ಬೆಳೆಯಲು ಬಿಡುವು ಸಿಕ್ಕಂತೆ.

ಅರಿಶಿನ ನಿಜವಾಗಿ ಕೆಲಸಕ್ಕೆ ಬರಬಹುದಾದ ಜಾಗ ಇದು ಎಂದು ನನಗೆ ತೋರಿದ್ದು ಮಂಗಳೂರಿನ ಒಂದು ಅಧ್ಯಯನ ಓದಿದ ಮೇಲೆ. ಅಲ್ಲಿನ ಸುರೇಶ್ ರಾವ್, ಎಂ.ಎಸ್. ಬಾಳಿಗ ಮತ್ತು ಸಂಗಡಿಗರು 70 ಗ್ರೇ ವಿಕಿರಣ ಬೇಕಿದ್ದ ತಲೆ-ಕತ್ತಿನ ಕ್ಯಾನ್ಸರಿನ 80 ಜನರನ್ನು ಆರಿಸಿಕೊಂಡರು. 40 ಜನರಿಗೆ ಆಸ್ಪತ್ರೆಯ ರೂಢಿಯ ಪೊವಿಡೋನ್-ಅಯೋಡಿನ್ ದ್ರಾವಣದಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು, ಉಳಿದ 40 ಜನರಿಗೆ ಅರಿಶಿನದ ನೀರಿನಲ್ಲಿ. ಏಳೂ ವಾರ, ವಾರ ವಾರವೂ, ಯಾರು ಯಾವುದರಲ್ಲಿ ಮುಕ್ಕಳಿಸುತ್ತಿದ್ದಾರೆಂದು ತಿಳಿಯದ ವೈದ್ಯರೊಬ್ಬರು ಬಾಯಿಯ ಹುಣ್ಣಿಗೆ ಅಂಕ ಹಾಕಿದರು. ಅರಿಶಿನದ ಗುಂಪಿನಲ್ಲಿ ಹುಣ್ಣು ತಡವಾಗಿ ಬಂತು, ಬಂದದ್ದೂ ಸೌಮ್ಯವಾಗಿತ್ತು. ತಾಳಲಾರದ ಮಟ್ಟಕ್ಕೆ ಹೋದವರು ಕಡಿಮೆ. ಚಿಕಿತ್ಸೆಯ ಮೊದಲ ಅರ್ಧದಲ್ಲಿ ನಡುವೆ ನಿಲ್ಲಿಸಿದವರೂ ಕಡಿಮೆ. ಮೈತೂಕ ಇಳಿದದ್ದೂ ಕಡಿಮೆ. ಇದು 2014ರಲ್ಲಿ ಪ್ರಕಟವಾಯಿತು.

ಕುಂದು ಇಲ್ಲವೆಂದಲ್ಲ. ಜನ ಎಂಬತ್ತೇ. ಮುಕ್ಕಳಿಸುವವನಿಗೆ ತನ್ನ ಬಟ್ಟಲಲ್ಲಿರುವುದು ಅರಿಶಿನ ಎಂದು ಗೊತ್ತಾಗದಿರುತ್ತದೆಯೇ? ನಮ್ಮವರಿಗೆ ಅದರ ಬಣ್ಣ, ಪರಿಮಳ ಎರಡೂ ತೊಟ್ಟಿಲಿನಿಂದ ಪರಿಚಯ. ನಂಬಿಕೆಯೂ ಒಂದಿಷ್ಟು ಕೆಲಸ ಮಾಡಿರಬಹುದು. ಆದರೆ ನಂಬಿಕೆಯಿಂದ ತೂಕ ಉಳಿದಿದ್ದರೂ ಉಳಿದದ್ದು ತೂಕವೇ. ಇಲ್ಲಿ ಅರಿಶಿನ ಕ್ಯಾನ್ಸರನ್ನು ಕೊಲ್ಲಲು ಹೋಗಿಲ್ಲ. ಕೊಲ್ಲುವ ಕೆಲಸ ಕರೆಂಟಿನದು. ರೋಗಿ ಆ ಕರೆಂಟಿನ ಮೇಜಿಗೆ ಮರುದಿನ ಮತ್ತೆ ಬರುವಂತೆ ನೋಡಿಕೊಳ್ಳುವುದಷ್ಟೇ ಇದರದು. ಕರುಳು ದಾಟಬೇಕಿಲ್ಲ, ರಕ್ತದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಿಲ್ಲ. ಉರಿಯುವ ಜಾಗಕ್ಕೆ ದಿನಕ್ಕೆ ಹಲವು ಸಲ ತಾಗಿ ಹೋದರೆ ಸಾಕು. ಮಂಗಳೂರಿನವರೇ ಇನ್ನೊಂದು ಸಣ್ಣ ಪರೀಕ್ಷೆಯಲ್ಲಿ, ಅರಿಶಿನ ಮತ್ತು ಗಂಧದೆಣ್ಣೆ ಇರುವ ಕ್ರೀಮೊಂದನ್ನು ಕತ್ತಿನ ಚರ್ಮಕ್ಕೆ ಹಚ್ಚಿಸಿ, ವಿಕಿರಣದಿಂದ ಚರ್ಮ ಸುಡುವುದು ಕಡಿಮೆಯಾಗುವುದನ್ನು 50 ಜನರಲ್ಲಿ ತೋರಿಸಿದರು. ಟೀವಿ ಜಾಹೀರಾತಿನ ಹಾಡಿನಿಂದ ಎಲ್ಲರಿಗೂ ಗೊತ್ತಿರುವ ವಿಕೋ ಕ್ರೀಮು ಅದು.

ಇಷ್ಟು ಓದಿ ಯಾರಾದರೂ ಡಬ್ಬಿ ಡಬ್ಬಿ ಮಾತ್ರೆ ತರಿಸಿಕೊಳ್ಳಲು ಹೊರಟರೆ ಎರಡು ಮಾತು ಕೇಳಿಸಿಕೊಳ್ಳಬೇಕು. ಮೆಣಸಿನ ಸಾರ ಬೆರೆಸಿ, ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡಿದ ಅರಿಶಿನದ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಇಟಲಿಯಲ್ಲೂ ಅಮೆರಿಕದಲ್ಲೂ ವರದಿಯಾಗಿವೆ. ಅಮೆರಿಕದ ವೈದ್ಯರ ಒಂದು ಜಾಲ 2022ರಲ್ಲಿ ಅರಿಶಿನದ ಮಾತ್ರೆಯಿಂದ ಯಕೃತ್ತು ಕೆಟ್ಟ 10 ರೋಗಿಗಳನ್ನು ವಿವರಿಸಿತು. ಅವರಲ್ಲಿ 7 ಜನರಿಗೆ ಒಂದೇ ಬಗೆಯ ವಂಶವಾಹಿ ಗುರುತು ಇತ್ತು, ಒಬ್ಬರು ತೀರಿಕೊಂಡರು. ಸಾರಿನ ಅರಿಶಿನಕ್ಕೂ ಮಾತ್ರೆಯ ಅರಿಶಿನಕ್ಕೂ ಇರುವ ದೂರ ಅಷ್ಟು. ಸ್ತನ ಕ್ಯಾನ್ಸರಿನ ಕೋಶಗಳ ಮೇಲಿನ ಪ್ರಯೋಗವೊಂದರಲ್ಲಿ ಕರ್ಕ್ಯುಮಿನ್ ಕೆಲವು ಕೀಮೋ ಔಷಧಗಳ ಕೆಲಸಕ್ಕೇ ಅಡ್ಡಬಂದದ್ದೂ ಇದೆ. ಹಾಗಾಗಿ ಚಿಕಿತ್ಸೆ ನಡೆಯುವಾಗ ಡಾಕ್ಟರಿಗೆ ಹೇಳದೆ ಕದ್ದು ನುಂಗುವುದು ಬೇಡ. ಪೇಟೆಯ ಪುಡಿಯ ಕಥೆ ಇನ್ನೊಂದು: ಬಣ್ಣ ಎದ್ದು ಕಾಣಲೆಂದು ಸೀಸದ ಕ್ರೋಮೇಟ್ ಬೆರೆಸುವ ಕಳ್ಳಾಟ ಬಾಂಗ್ಲಾದೇಶದಲ್ಲೂ ನಮ್ಮ ದೇಶದ ಕೆಲವೆಡೆಯೂ ಸಿಕ್ಕಿಬಿದ್ದಿದೆ. ಹುಣ್ಣಾದ ಬಾಯಿಗೆ ಸೀಸ ಮುಕ್ಕಳಿಸುವುದು ಯಾವ ಮನೆಮದ್ದೂ ಅಲ್ಲ.

ಚಿಕ್ಕಿಯ ನಾಲ್ಕು ತಿಂಗಳಿಗೆ ಮತ್ತೆ ಬರುತ್ತೇನೆ. ಅವಳು ಹಚ್ಚಿದ ಅರಿಶಿನ ಕೆಡುಕು ಮಾಡಲಿಲ್ಲ. ಮಚ್ಚೆಗೆ ನೇರವಾಗಿ ತಾಗಿಸಿದ್ದಳು, ಲಾಸ್ ಏಂಜಲೀಸಿನವರೂ ತಾಗಿಸಿದ್ದು ಹಾಗೆಯೇ. ಕೆಟ್ಟದ್ದು ಮಾಡಿದ್ದು ಆ ನಾಲ್ಕು ತಿಂಗಳು, ಮತ್ತು ಆ ನಾಲ್ಕು ತಿಂಗಳೂ ಅದೇ ಸಂದಿಗೆ ಬೀಳುತ್ತಲೇ ಇದ್ದ ಕವಳ. ಅರಿಶಿನ ಹಚ್ಚಿ ಅರ್ಧ ಗಂಟೆಗೆ ಅಪ್ಪಚ್ಚಿ ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದ. ಆರತಿಯ ನೀರಿಗೆ ಆಗುವುದೇ ಅವನ ಕೆನ್ನೆಯೊಳಗೂ ದಿನಕ್ಕೆ ಮೂರು ಹೊತ್ತು ಆಗುತ್ತಿತ್ತು. ಎರಡು ವಾರಕ್ಕೆ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ, ತೆರೆದ ಬಾಯಿಗೆ ಮೂರು ಬೆರಳು ನಿಲ್ಲಿಸಿ ಹಿಡಿಸದಷ್ಟು ಬಿಗಿತ, ಇವುಗಳಲ್ಲಿ ಯಾವುದು ಕಂಡರೂ ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ಈಗ ನಾನು ಊರಿನ ಎಲ್ಲ ಮದುವೆಮನೆಯಲ್ಲೂ ಹೇಳುತ್ತೇನೆ. ಕವಳದ ತಟ್ಟೆಯನ್ನು ನನ್ನಿಂದ ದೂರ ಸರಿಸಿಕೊಂಡು ಕೇಳುತ್ತಾರೆ.

ಕರೆಂಟು ನಡೆಯುತ್ತಿದ್ದಾಗ, ಡಾಕ್ಟರನ್ನು ಕೇಳಿಯೇ, ಚಿಕ್ಕಿ ಅರಿಶಿನದ ಬಟ್ಟಲನ್ನು ನಾಗಂದಿಗೆಯಿಂದ ಇಳಿಸಿದಳು. ಹಿತ್ತಲಿನದೇ ಕೊಂಬು, ಕುದಿಸಿ ಆರಿಸಿದ ನೀರು. ಜೇನು ಇಲ್ಲ, ಮಾತೂ ಇಲ್ಲ. ಅಪ್ಪಚ್ಚಿ ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆಯ ಬಚ್ಚಲಲ್ಲಿ ನಿಂತು ಗೊಳಗೊಳ ಮುಕ್ಕಳಿಸಿ ಉಗಿಯುತ್ತಿದ್ದ, ಅರ್ಧ ಬೈರಾಸದ ಮೇಲೆ ಬೀಳುತ್ತಿತ್ತು. ಹುಣ್ಣು ಬರಲಿಲ್ಲವೆಂದಲ್ಲ, ಬಂತು. ಆದರೆ ಒಂದು ದಿನವೂ ಮೇಜು ತಪ್ಪಲಿಲ್ಲ. ಒಂದು ಬೆಳಿಗ್ಗೆ ಬೆಂಗಳೂರಿನಿಂದ ಬಂದಿದ್ದ ಅವರ ಮಗ ಆ ಬೈರಾಸವನ್ನು ಒಗೆಯಲೆಂದು ಬಾರು ಸೋಪು ಹಾಕಿದವನೇ "ಅಮ್ಮಾ, ರಕ್ತ!" ಎಂದು ಕೂಗಿ ಎದ್ದ. ಬಟ್ಟೆ ತುಂಬ ಕೆಂಪು. ಚಿಕ್ಕಿ ಬಂದು ಬಗ್ಗಿ ನೋಡಿದಳು. ವರದಿ ಬಂದ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ರಕ್ತ ಅಲ್ಲದೋ, ಸೋಪಿಗೆ ಅರಿಶಿನ ಕೆಂಪಾಗ್ತು" ಎಂದು ಬೈರಾಸವನ್ನು ಹಿಂಡಿ ಅವನ ಕೈಗೆ ಕೊಟ್ಟಳು. "ಬಿಸಿಲಿಗೆ ಹರವು. ಸಂಜೆಯೊಳಗೆ ಹೋಗ್ತು."